ಗೃಹತಾಪಕಗಳ ನಿಯಾಮಕಯಂತ್ರ: ಅದರ ಪೂರ್ವವೃತ್ತಾಂತ

ಯೂರೋಪಿನ ಶೀತಪ್ರದೇಶಗಳಲ್ಲಿ ಮನೆಯನ್ನು ಬೆಚ್ಚಗಿಡುವುದಕ್ಕಾಗಿ ಬಾಯ್ಲರಿನಲ್ಲಿ ನೀರನ್ನು ಕಾಯಿಸಿ, ಕೊಳವೆಗಳ ಮೂಲಕ ಕೋಣೆಕೋಣೆಗೂ ಹರಿಯಿಸಿ, ಅಲ್ಲಿನ ಲೋಹಫಲಕಗಳಲ್ಲಿ ಶಾಖವನ್ನು ಬಿಟ್ಟುಬಂದ ನೀರನ್ನು ಮರಳಿ ಕಾಯಿಸುವ ಏರ್ಪಾಡು ಬಹುವಾಗಿ ರೂಢಿಯಲ್ಲಿರುವುದು. ಈಚಿನ ಬಾಯ್ಲರುಗಳು ಹಳೆಯವುಗಳಿಗಿಂತ ಕಡಿಮೆ ಇಂಧನದಿಂದ ಹೆಚ್ಚು ಶಾಖವನ್ನು ಕೊಡತಕ್ಕವು. ಇವುಗಳಿಗೆ ಸೇರಿದ ಎಲೆಕ್ಟ್ರಾನಿಕ್ ನಿಯಾಮಕವು ಜ್ವಾಲೆಯನ್ನು ಬೇಕಾದಷ್ಟೇ ಹಿಗ್ಗಿಸಿ ಕುಗ್ಗಿಸುವುದು. ಪೂರ್ವಕಾಲದಲ್ಲಿ ಬೆಂಕಿಯನ್ನು ಹಚ್ಚುವುದು, ಆರಿಸುವುದು ಎಂಬ ಎರಡೇ ಸ್ಥೂಲೋಪಾಯಗಳಿದ್ದುವು, ಸೂಕ್ಷ್ಮವಾದ ತಾರತಮ್ಯವು ನಮ್ಮ ಕಾಲದ ಸಂಪಾದನೆ ಎಂದು ಸಾಮಾನ್ಯವಾಗಿ ಹೇಳುವರು. ಆದರೆ ಸಾಕ್ಷ್ಯಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ ಈ ಮತವು ನಿಲ್ಲುವುದಿಲ್ಲ. ತಾರತಮ್ಯವೇ ಪೂರ್ವದ್ದು, ಹಚ್ಚುವ-ಆರಿಸುವ ಕ್ರಮವು ನಡುವೆ ಬಂದು ಸೇರಿದ್ದು.

ಮೊದಲು ಹೆಸರಿನ ವಿಚಾರ. ಈ ಯಂತ್ರಕ್ಕೆ ಥರ್ಮೋಸ್ಟ್ಯಾಟ್ ಎಂಬ ನಾಮವನ್ನಿತ್ತವನು ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞನಾದ ಆಂಡ್ರೂ ಯೂರ್. ಎರಡು ಲೋಹಗಳನ್ನು ಬೆಸೆದ ಪಟ್ಟಿಯು ಶಾಖದಿಂದ ಬಾಗುವುದನ್ನು ಆಧರಿಸಿದ ತನ್ನ ಯಂತ್ರಕ್ಕೆ ಅವನು ೧೮೩೦ರಲ್ಲಿ ಪೇಟೆಂಟು ಪಡೆದನು. ಶಬ್ದವು ಗ್ರೀಕಿನದು, ಆದರೆ ಅದರ ಎರಡು ಅವಯವಗಳೂ ಸಂಸ್ಕೃತಜ್ಞರಿಗೆ ಅಪರಿಚಿತವಲ್ಲ. ಗ್ರೀಕಿನ ‘ಥೆರ್ಮೋಸ್’ ಮತ್ತು ಸಂಸ್ಕೃತದ ‘ಘರ್ಮ’ ಏಕಮೂಲದವು. ‘ಸ್ಟ್ಯಾಟೋಸ್’ ಎಂಬುದು ‘ಸ್ಥಿತ’ ಶಬ್ದದ ಸೋದರ. ಪ್ರವರ್ಗ್ಯಕರ್ಮದಲ್ಲಿ ಕಾಯಿಸುವ ಹಾಲಿಗೂ ಅದರ ಪಾತ್ರೆಗೂ ಘರ್ಮವೆಂಬ ಹೆಸರಿರುವುದು ವೈದಿಕರಿಗೆ ವಿದಿತವೇ. ಹೀಗೆ ಯೂರನು ತಿಳಿಯದೆಯೇ ‘ಘರ್ಮಸ್ಥಿತ’ವೆಂದು ನುಡಿದಂತಾಯಿತು. ನಾಮವು ರಮಣೀಯವಾದರೂ ಅರ್ಥದಲ್ಲಿ ಸ್ವಲ್ಪ ಮೋಸವುಂಟು. ಮನೆಯಲ್ಲಿ ಶಾಖವು ನಿಂತಿರುವುದೇ ಇಲ್ಲ. ಗೋಡೆ ಕಿಟಕಿಗಳಿಂದ ಸದಾ ಸೋರಿಹೋಗುತ್ತಿರುವುದು. ಸೋರುವಷ್ಟನ್ನೇ ತುಂಬುತ್ತಿರುವುದು ನಿಯಾಮಕದ ಧರ್ಮ. ಸ್ಥಿರವಾಗಿರತಕ್ಕುದು ಆಯವ್ಯಯಗಳ ಸಾಮ್ಯವೇ ಹೊರತು ಶಾಖವಲ್ಲ.

ಹೆಸರಿಗಿಂತ ವಸ್ತುವು ಸುಮಾರು ಇನ್ನೂರು ವರ್ಷ ಹಿರಿಯದು. ಹಾಲೆಂಡಿನ ಆಲ್ಕ್ಮಾರ್ ಪಟ್ಟಣದಲ್ಲಿ ೧೫೭೨ರಲ್ಲಿ ಜನಿಸಿ, ಇಂಗ್ಲೆಂಡಿನ ಒಂದನೆಯ ಜೇಮ್ಸ್ ದೊರೆಯ ಆಶ್ರಯವನ್ನು ಪಡೆದು, ೧೬೩೩ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಕಾರ್ನೆಲಿಸ್ ಡ್ರೆಬೆಲನು ಇದರ ಕರ್ತೃ. ನೀರಿನೊಳಗೆ ಚಲಿಸುವ ದೋಣಿಯಿಂದ ಪ್ರಖ್ಯಾತನಾದ ಈತನು, ಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಗೂ ರಸವಾದಿಗಳ ಕುಲುಮೆಗೂ ತನ್ನಷ್ಟಕ್ಕೆ ತಾನೇ ಬೆಂಕಿಯನ್ನು ಆಳುವ ಉಪಾಯವನ್ನು ಕಂಡುಹಿಡಿದನು. ತಾನು ಮಾಡಿದುದನ್ನು ಅವನು ಪ್ರಕಟಿಸಲಿಲ್ಲ. ಅವನ ಹೆಣ್ಣುಮಕ್ಕಳನ್ನು ಮದುವೆಯಾದ ಕುಫ್ಲರ್ ಮನೆತನದವರ ಮೂಲಕ ವಿಷಯವು ಉಳಿದುಬಂದಿತು. ಮೊಮ್ಮಗನು ೧೬೬೬ರಲ್ಲಿ ಬರೆದಿಟ್ಟ ಹಸ್ತಪ್ರತಿಯಲ್ಲಿ ಯಂತ್ರದ ಚಿತ್ರವಿರುವುದು. ನಿಯಾಮಕಯಂತ್ರಗಳ ಪೂರ್ವೇತಿಹಾಸವನ್ನು ಶೋಧಿಸಿದ ಓಟೋ ಮೇಯರ್ ೧೯೭೦ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿರುವರು.

ಯಂತ್ರದ ರಚನೆ ಸರಳ. ಕಾವಿನ ಪೆಟ್ಟಿಗೆಯ ಸುತ್ತಲೂ ನೀರು. ನೀರಿನಲ್ಲಿ ಮದ್ಯಸಾರ ತುಂಬಿದ ಗಾಜಿನ ಬುರುಡೆ. ಅದಕ್ಕೆ ಸೇರಿದ ಬಾಗುಕೊಳವೆಯಲ್ಲಿ ಪಾದರಸ. ಶಾಖವೇರಿದಂತೆ ಮದ್ಯಸಾರವು ಹಿಗ್ಗಿ ಪಾದರಸವನ್ನು ಮೇಲಕ್ಕೊತ್ತುವುದು. ಅದರ ಮೇಲೆ ನಿಂತ ಕಡ್ಡಿಯು ಏರಿ, ಸನ್ನೆಯ ಮೂಲಕ ಹೊಗೆಗಂಡಿಯ ಮುಚ್ಚಳವನ್ನು ಇಳಿಸುವುದು. ಗಾಳಿಯ ಸೆಳೆತ ತಗ್ಗಿ ಬೆಂಕಿಯು ಮಂದವಾಗುವುದು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಪಾದರಸವು ಎಷ್ಟು ಏರಿತೋ ಮುಚ್ಚಳವು ಅಷ್ಟೇ ಇಳಿಯುವುದು. ಸ್ವಲ್ಪಕ್ಕೆ ಸ್ವಲ್ಪ, ಅಧಿಕಕ್ಕೆ ಅಧಿಕ. ‘ಅಸ್ತಿ’ ಅಥವಾ ‘ನಾಸ್ತಿ’ ಎಂಬ ಎರಡೇ ಉತ್ತರಗಳ ಯಂತ್ರವಲ್ಲ ಇದು. ಫ್ರಾನ್ಸಿನ ಬೊನ್‌ಮೇನನು ೧೭೮೩ರಲ್ಲಿ ಪೇಟೆಂಟು ಪಡೆದ ನಿಯಾಮಕವೂ ಇದೇ ಜಾತಿಯದು. ಎರಡು ಲೋಹಗಳು ಹಿಗ್ಗುವುದರಲ್ಲಿರುವ ವ್ಯತ್ಯಾಸದಿಂದ ಅದು ಒಲೆಯ ಗಾಳಿಗಂಡಿಯನ್ನು ಹಂತಹಂತವಾಗಿ ತೆರೆದು ಮುಚ್ಚುತ್ತಿತ್ತು. ಬಿಸಿನೀರನ್ನು ಕೊಳವೆಗಳಲ್ಲಿ ಹರಿಯಿಸಿ ಕೋಳಿಮರಿಗಳನ್ನು ಬೆಳೆಸಿದ ಈತನನ್ನು ಗೃಹತಾಪನದ ಪೂರ್ವಾಚಾರ್ಯನೆಂದರೂ ಸಲ್ಲುವುದು.

ಸ್ಥಿತಿಯು ಬದಲಾದುದು ವಿದ್ಯುತ್ತಿನ ಪ್ರವೇಶದಿಂದ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ವೈಟ್‌ವಾಟರಿನ ಉಪಾಧ್ಯಾಯರ ಶಿಕ್ಷಣಶಾಲೆಯಲ್ಲಿ ಅಧ್ಯಾಪಕನಾಗಿದ್ದ ವಾರೆನ್ ಜಾನ್ಸನನ ಪಾಠಕ್ಕೆ ಒಂದು ವಿಘ್ನವಿತ್ತು: ಕೊಠಡಿಯು ಬೆಚ್ಚಗಿದೆಯೇ ಎಂದು ನೋಡಲು ಜವಾನನು ಆಗಾಗ ಒಳಗೆ ಬರುತ್ತಿದ್ದನು. ಇದನ್ನು ತಪ್ಪಿಸಲು ಜಾನ್ಸನನು, ಕೊಠಡಿಯು ತಣ್ಣಗಾದೊಡನೆ ನೆಲಮಾಳಿಗೆಯಲ್ಲಿ ಗಂಟೆ ಬಾರಿಸುವ ವಿದ್ಯುದ್ಯಂತ್ರವನ್ನು ಮಾಡಿ ೧೮೮೩ರಲ್ಲಿ ಪೇಟೆಂಟು ಪಡೆದನು. (ಪಾಠಕ್ಕೆ ಭಂಗ ಬಾರದಿರಲೆಂದು ಹುಟ್ಟಿದ ಯಂತ್ರವೆಂಬುದು ಉಪಾಧ್ಯಾಯರಾದ ವಾಚಕರಿಗೆ ಪ್ರಿಯವಾದೀತು.) ಎರಡೇ ವರ್ಷಗಳಲ್ಲಿ, ೧೮೮೫ರಲ್ಲಿ, ಮಿನ್ಯಾಪೊಲಿಸಿನ ಆಲ್ಬರ್ಟ್ ಬುಟ್ಜನು ಗಂಟೆಯನ್ನೂ ಜವಾನನನ್ನೂ ಬಿಟ್ಟು, ವಿದ್ಯುತ್ತೇ ಕಲ್ಲಿದ್ದಲ ಒಲೆಯ ಗಾಳಿಬಾಗಿಲನ್ನು ಎತ್ತಿ ಇಳಿಸುವಂತೆ ಮಾಡಿದನು. ವಿದ್ಯುನ್ಮಂಡಲವು ಕೂಡಿದೆ, ಇಲ್ಲವೇ ಬಿಟ್ಟಿದೆ. ಬಾಗಿಲು ತೆರೆದಿದೆ, ಇಲ್ಲವೇ ಮುಚ್ಚಿದೆ. ಇಲ್ಲಿಂದಲೇ ಮನೆಗಳಲ್ಲಿ ಅಸ್ತಿ-ನಾಸ್ತಿ ಕ್ರಮವು ನೆಲೆಗೊಂಡಿತು. ೧೯೫೩ರಲ್ಲಿ ಹನಿವೆಲ್ ಸಂಸ್ಥೆಯವರು ಹೊರತಂದ, ಹೆನ್ರಿ ಡ್ರೈಫಸನು ರೂಪಿಸಿದ ಪ್ರಸಿದ್ಧವಾದ ಗುಂಡು ಥರ್ಮೋಸ್ಟ್ಯಾಟು ನೋಡಲು ಸುಂದರವಾದರೂ ತತ್ತ್ವದಲ್ಲಿ ಬುಟ್ಜನ ಸಂತತಿಯೇ.

ಈ ಕ್ರಮವನ್ನು ಅಜ್ಞಾನವೆಂದು ಹಳಿಯುವುದು ನ್ಯಾಯವಲ್ಲ. ಅದು ಅಗ್ಗವೂ ದೃಢವೂ ಆಗಿದ್ದಿತು. ಅಂದಿನ ಬಾಯ್ಲರಿಗೆ ತಕ್ಕುದೂ ಆಗಿದ್ದಿತು. ಅನಿಲವು ಉರಿದಾಗ ನೀರಿನ ಆವಿಯು ಹುಟ್ಟುವುದು. ಒಂದು ಕಿಲೋಗ್ರಾಂ ಮೀಥೇನಿನಿಂದ ೨.೨೫ ಕಿಲೋಗ್ರಾಂ ನೀರು. ಬಾಯ್ಲರಿಗೆ ಮರಳಿದ ನೀರು ತಂಪಾಗಿದ್ದರೆ ಈ ಆವಿಯು ಒಳಗೇ ಹನಿಗಟ್ಟಿ, ಆಮ್ಲಗುಣದಿಂದ ಎರಕದ ಕಬ್ಬಿಣವನ್ನು ತಿನ್ನುತ್ತಿತ್ತು. ಆದುದರಿಂದ ಆಗಿನವರು ನೀರನ್ನು ಬೇಕೆಂದೇ ಹೆಚ್ಚು ಬಿಸಿಯಾಗಿಟ್ಟು ಆವಿಯನ್ನು ಹೊಗೆಗೂಡಿನಿಂದ ಹೊರದೂಡುತ್ತಿದ್ದರು. ಆವಿಯೊಡನೆ ಅದರ ಗುಪ್ತಶಾಖವೂ ಆಕಾಶದ ಪಾಲಾಗುತ್ತಿತ್ತು.

ಈ ಗುಪ್ತಶಾಖವನ್ನು ಹಿಡಿಯುವುದೇ ನೂತನ ಬಾಯ್ಲರಿನ ರಹಸ್ಯ. ೧೯೮೦ರ ದಶಕದ ಆರಂಭದಿಂದ, ಡ್ರೆಬೆಲನ ಜನ್ಮಭೂಮಿಯಾದ ಹಾಲೆಂಡಿನಲ್ಲಿಯೇ ವಿಶೇಷವಾಗಿ, ತುಕ್ಕು ಹಿಡಿಯದ ಉಕ್ಕಿನಿಂದಲೋ ಅಲ್ಯುಮಿನಿಯಂ ಮಿಶ್ರಲೋಹದಿಂದಲೋ ಮಾಡಿದ ಇಂತಹ ಬಾಯ್ಲರುಗಳು ಮನೆಗಳಿಗೆ ಬಂದುವು. ಇವುಗಳ ಕಾರ್ಯಕ್ಷಮತೆಯು ನೂರಕ್ಕೆ ನೂರನ್ನು ಮೀರುವುದೆಂಬ ಮಾತೂ ಕೇಳಿಬರುವುದುಂಟು. ಇದು ಪರಿಭಾಷೆಯ ದೋಷ, ಪವಾಡವಲ್ಲ. ಯೂರೋಪಿನ ಹಲವು ದೇಶಗಳಲ್ಲಿ ಗುಪ್ತಶಾಖವನ್ನು ಬಿಟ್ಟು ಇಂಧನದ ಸತ್ತ್ವವನ್ನು ಎಣಿಸುವರು. ಹಾಗೆ ಎಣಿಸಿದ ಮೀಥೇನಿನ ಸತ್ತ್ವ ನೂರಾದರೆ ಗುಪ್ತಶಾಖವನ್ನು ಸೇರಿಸಿದಾಗ ಅದು ಸುಮಾರು ೧೧೧. ಬಿಟ್ಟುದನ್ನು ಮೊದಲು ಲೆಕ್ಕಕ್ಕೆ ತಾರದೆ, ಅದು ಕೈಸೇರಿದಾಗ ಲಾಭವೆಂದು ಬರೆದುಕೊಂಡಂತೆ ಇದು.

ಆದರೆ ಆವಿಯು ಹನಿಗಟ್ಟಬೇಕಾದರೆ ಮರಳುವ ನೀರು ಸುಮಾರು ೫೫ ಡಿಗ್ರಿ ಸೆಂಟಿಗ್ರೇಡಿಗಿಂತ ತಂಪಾಗಿರಬೇಕು. ಹಳೆಯ ಕ್ರಮದಂತೆ ನೀರನ್ನು ೮೦ ಡಿಗ್ರಿಗೆ ಕಾಯಿಸಿ, ಕೋಣೆಯು ಬೆಚ್ಚಗಾದೊಡನೆ ನಿಲ್ಲಿಸಿ, ತಣ್ಣಗಾದೊಡನೆ ಮತ್ತೆ ಹಚ್ಚಿದರೆ ಬಾಯ್ಲರು ಹೊಸದಾದರೂ ಫಲವು ಹಳೆಯದಕ್ಕೆ ಸಮೀಪವೇ. ಎಲೆಕ್ಟ್ರಾನಿಕ್ ನಿಯಾಮಕದ ಅಗತ್ಯ ಇಲ್ಲಿ ಸ್ಪಷ್ಟವಾಗುವುದು. ಹೋಗುವ ನೀರಿನ ಶಾಖವನ್ನೂ ಮರಳುವ ನೀರಿನ ಶಾಖವನ್ನೂ ಅದು ಅಳೆಯುವುದು. ಬೀಸಣಿಗೆಯ ವೇಗವನ್ನು ಬದಲಿಸುವುದು. ಗಾಳಿಗೆ ಅನುಗುಣವಾಗಿ ಅನಿಲದ ಕವಾಟವು ತೆರೆಯುವುದು. ಜ್ವಾಲೆಯಿದೆಯೇ ಎಂಬುದನ್ನು ಜ್ವಾಲೆಯಲ್ಲಿ ಹರಿಯುವ ಅತ್ಯಲ್ಪ ವಿದ್ಯುತ್ತಿನಿಂದಲೇ ತಿಳಿಯುವುದು. ಹೊರಗೋಡೆಯ ಮೇಲಿನ ಮಾಪಕವನ್ನೂ ಜೋಡಿಸಿದರೆ ಚಳಿಯು ಎಷ್ಟೋ ನೀರಿನ ಬಿಸಿಯೂ ಅಷ್ಟೇ ಆಗಿ, ಮಂದಾಗ್ನಿಯು ದೀರ್ಘಕಾಲ ಉರಿಯುತ್ತಿರುವುದು. ಏರಿದಷ್ಟಕ್ಕೆ ಇಳಿಸುವ ಡ್ರೆಬೆಲನ ಮುಚ್ಚಳದ ತತ್ತ್ವವು ಇಲ್ಲಿ ಪುನಃ ಪ್ರತ್ಯಕ್ಷವಾಯಿತು. ಪಾದರಸದ ಸ್ಥಾನದಲ್ಲಿ ಗಣಕವಿರುವುದಷ್ಟೇ ಭೇದ. ಸ್ನಾನದ ನೀರನ್ನು ತೊಟ್ಟಿಯಲ್ಲಿ ಶೇಖರಿಸುವ ಮನೆಗಳಲ್ಲಿ ಮಾತ್ರ ರೋಗಾಣುಭಯದಿಂದ ಅದನ್ನು ೬೦ ಡಿಗ್ರಿಗೆ ಏರಿಸಬೇಕಾಗುವುದು; ಅಷ್ಟು ಹೊತ್ತು ನಿಯಾಮಕವು ತನ್ನ ವ್ರತವನ್ನು ಸಡಿಲಿಸುವುದು.

ಶಾಸನಗಳ ಕಾಲಾನುಕ್ರಮವೂ ಇದಕ್ಕೆ ಸಾಕ್ಷಿ. ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ ಹನಿಗಟ್ಟಿಸುವ ಬಾಯ್ಲರುಗಳು ಸಾಮಾನ್ಯವಾಗಿ ಕಡ್ಡಾಯವಾದುದು ೨೦೦೫ರಲ್ಲಿ. ಇಂಗ್ಲೆಂಡಿನಲ್ಲಿ ಸ್ನಾನಕ್ಕೂ ಕೋಣೆಗೂ ಒಂದೇ ಆಗಿರುವ ಬಾಯ್ಲರನ್ನು ಕೂಡಿಸುವವರು ಹೊರಗಿನ ಹವೆಯನ್ನೋ ಮನೆಯ ಅಗತ್ಯವನ್ನೋ ಅನುಸರಿಸುವ ನಿಯಾಮಕ ಮೊದಲಾದ ಉಪಾಯಗಳಲ್ಲಿ ಒಂದನ್ನಾದರೂ ಸೇರಿಸಬೇಕೆಂಬ ವಿಧಿಯು ಬಂದುದು ೨೦೧೮ರಲ್ಲಿ. ಹೊಸದಾಗಿ ಹೂಡುವ ತಾಪನವ್ಯವಸ್ಥೆಯ ನೀರು ೫೫ ಡಿಗ್ರಿಯನ್ನು ಮೀರದಂತೆ ರಚಿಸತಕ್ಕುದೆಂಬ ನಿಯಮವು ೨೦೨೨ರದು. ಪಾತ್ರೆಯನ್ನು ಮೊದಲು ವಿಧಿಸಿ, ಪಾತ್ರೆಯನ್ನು ಬಳಸುವ ಬಗೆಯನ್ನು ಹದಿಮೂರು ವರ್ಷಗಳ ಮೇಲೆ ವಿಧಿಸಲು ತೊಡಗಿದರು. ನಡುವಣ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಉತ್ತಮವಾದ ಬಾಯ್ಲರಿನ ಪಕ್ಕದ ಗೋಡೆಯ ಮೇಲೆ ಬುಟ್ಜನ ಸಂತತಿಯ ಎರಡೇ ಮಾತಿನ ಯಂತ್ರವು ತೂಗುತ್ತಿದ್ದಿತು.