ಕಾಡಿನ ಚಳಿಜ್ವರ ಬಿಟ್ಟುಹೋದ ರಕ್ತ

ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುವ ವಂಶಪಾರಂಪರ್ಯದ ಗುಣ, ಅಂದರೆ ಕುಡಗೋಲು ಕಣದ (ಸಿಕಲ್ ಸೆಲ್) ಗುಣ, ಭಾರತದಲ್ಲಿ ಮೊದಲು ದಾಖಲಾದದ್ದು 1952ರಲ್ಲಿ, ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯ ನೆರೆಯ ನೀಲಗಿರಿ ಸೀಮೆಯಲ್ಲಿ. ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ಅದನ್ನು ಅಲ್ಲಿನ ಬುಡಕಟ್ಟು ಜನರ ರಕ್ತದಲ್ಲಿ ಕಂಡರು. ನೀಲಗಿರಿಯ ಪುರಾವೆಯನ್ನು ಚಾಮರಾಜನಗರಕ್ಕೆ ತರುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಆದರೆ ಈಗಿನ ಗಡಿ ಬಿದ್ದದ್ದು 1956ರಲ್ಲಿ. ಅಲ್ಲಿಯವರೆಗೆ ಈ ಜಿಲ್ಲೆಯ ಕೊಳ್ಳೇಗಾಲವೇ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಬಂಡೀಪುರದ ಕಾಡು ಮುದುಮಲೆಗೆ, ಬಿಳಿಗಿರಿರಂಗನ ಬೆಟ್ಟದ ಕಾಡು ಸತ್ಯಮಂಗಲಕ್ಕೆ ಕೂಡಿಕೊಂಡೇ ಇವೆ. ಸೋಲಿಗ ಬುಡಕಟ್ಟಿನವರ ಪೋಡುಗಳು, ಅಂದರೆ ವಸತಿಗಳು, ಆ ಗಡಿಯ ಎರಡೂ ಕಡೆ ಇವೆ. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಮೇಲೆ ಸೋಲಿಗರಲ್ಲಿಯೂ ಈ ರೋಗ ಗುರುತಿಗೆ ಬಂತು.

ಇದನ್ನು 'ಬುಡಕಟ್ಟಿನ ರೋಗ' ಎಂದು ಕರೆದು ಮುಗಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಇದು ಈ ಕಾಡಿನ ಮಲೇರಿಯಾದ ಚರಿತ್ರೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ವಂಶವಾಹಿ ಪಡೆದ ಮಗುವಿಗೆ ಮಾರಕ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆಂದು 1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕದಲ್ಲಿ ತೋರಿಸಿದರು. ಮಲೇರಿಯಾ ನೆಲೆಸಿದ್ದ ಕಾಡುಗಳಲ್ಲಿ ಈ ಗುಣ ಹೊತ್ತವರು ಉಳಿದರು, ಅದು ಮಕ್ಕಳಿಗೆ ಇಳಿಯಿತು. ಇಬ್ಬರಿಂದಲೂ ಪಡೆದ ಮಗು ಮಾತ್ರ ಬೆಲೆ ತೆರಬೇಕಾಯಿತು. ಹಿಮೊಗ್ಲೋಬಿನ್ನಿನ ಒಂದೇ ಒಂದು ಅಮೈನೊ ಆಮ್ಲದ ಬದಲಾವಣೆಯಿಂದ ಕಣ ಕುಡಗೋಲಿನಂತೆ ಬಾಗಿ ಗಡುಸಾಗುತ್ತದೆ. 120 ದಿನ ಬಾಳಬೇಕಾದದ್ದು ಹತ್ತಿಪ್ಪತ್ತು ದಿನಕ್ಕೆ ಒಡೆಯುತ್ತದೆ. ಒಡೆದ ಕಣ ರಕ್ತನಾಳದ ಒಳಪದರವನ್ನು ಕೆಣಕುತ್ತದೆ, ರಕ್ತ ಹೆಪ್ಪುಗಟ್ಟುವುದು ಹೆಚ್ಚುತ್ತದೆ. ಹೀಗೆ ಮಿದುಳಿನ ನಾಳ ಕಟ್ಟಿಕೊಂಡರೆ ಎಳೆಯ ಮಗುವಿಗೂ ಲಕ್ವ ಹೊಡೆಯುತ್ತದೆ. ಹೃದಯಕ್ಕೂ ಪುಪ್ಪುಸಕ್ಕೂ ಪೆಟ್ಟು ಬೀಳುತ್ತದೆ, ಆದರೆ ಮಕ್ಕಳಲ್ಲಿ ವಿಶೇಷವಾಗಿ ಹೆದರಬೇಕಾದದ್ದು ಲಕ್ವಕ್ಕೆ.

ಭಾರತದ ರೋಗಿಗಳಲ್ಲಿ ಭ್ರೂಣದ ಹಿಮೊಗ್ಲೋಬಿನ್ ಹೆಚ್ಚು ಉಳಿಯುತ್ತದೆ, ಅದು ಕಣ ಬಾಗುವುದನ್ನು ತಗ್ಗಿಸುತ್ತದೆ, ಆದ್ದರಿಂದ ಇಲ್ಲಿ ರೋಗ ಸೌಮ್ಯ ಎಂಬ ವಾದ ಬಲವಾದದ್ದೇ. ಅದರಲ್ಲಿ ಸತ್ಯವೂ ಇದೆ. ಆದರೂ ಸೌಮ್ಯತೆಯನ್ನು ಅಳೆಯುವುದು ಆಸ್ಪತ್ರೆ ತಲುಪಿದವರನ್ನು ನೋಡಿ. ಪೋಡಿನಲ್ಲೋ ಹಾಡಿಯಲ್ಲೋ ಜ್ವರ ಬಂದು, ಕೈಕಾಲು ಬಿದ್ದು ತೀರಿಕೊಂಡ ಮಗುವಿನ ಸಾವಿಗೆ ಈ ಹೆಸರು ಬರೆಯಲು ರಕ್ತ ಪರೀಕ್ಷೆ ಬೇಕಿತ್ತು. ಮಲೇರಿಯಾ ಇಳಿಯಿತಲ್ಲ, ವಂಶವಾಹಿಯೂ ತಾನಾಗಿ ಹೋಗುತ್ತದೆ ಎನ್ನುವುದೂ ನಿಲ್ಲುವುದಿಲ್ಲ: ಒಂದೇ ಪ್ರತಿ ಹೊತ್ತವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ಅಂಥ ದಂಪತಿಗಳ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಈ ರೋಗದ ಅಪಾಯ ಇದ್ದೇ ಇರುತ್ತದೆ.

2023ರ ಜುಲೈ 1ರಂದು ಆರಂಭವಾದ, ಕುಡಗೋಲು ಕಣ ರೋಗದ ರಾಷ್ಟ್ರೀಯ ನಿರ್ಮೂಲನ ಅಭಿಯಾನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟಿದೆ. ಒಳ್ಳೆಯದು. ಆದರೆ ತಪಾಸಣೆಯ ಚೀಟಿ ಲಕ್ವ ತಡೆಯದು. ಅಪಾಯದಲ್ಲಿರುವ ಮಗುವನ್ನು ಮಿದುಳಿನ ನಾಳದ ಡಾಪ್ಲರ್ ಪರೀಕ್ಷೆಯಿಂದ ಮೊದಲೇ ಗುರುತಿಸಿ ಕ್ರಮವಾಗಿ ರಕ್ತ ಕೊಟ್ಟರೆ ಮೊದಲ ಲಕ್ವದ ಅಪಾಯ ಶೇ 90ಕ್ಕೂ ಹೆಚ್ಚು ತಗ್ಗುತ್ತದೆಂದು ಅಮೆರಿಕದ ಅಧ್ಯಯನ ತೋರಿಸಿದ್ದು 1998ರಲ್ಲಿ. ಬೆಟ್ಟದ ಮೇಲಿನ ಮಗುವಿಗೆ ಸಿಗಬೇಕಾದದ್ದು ಆ ಪರೀಕ್ಷೆ, ಆ ರಕ್ತ, ಈ ರೋಗಕ್ಕೆ ಕೊಡುವ ಪ್ರತಿದಿನದ ಹೈಡ್ರಾಕ್ಸಿಯೂರಿಯ ಮಾತ್ರೆ.