ಬಿಳಿಗಿರಿಸೀಮೆಯ ಪಕ್ಷಿಗಣನೆ: ಕ್ರಮಭೇದವೂ ಪರೀಕ್ಷಾನಿರ್ಣಯವೂ

ಬಿಳಿಗಿರಿರಂಗನ ಬೆಟ್ಟಗಳ ಪಡುವಣ ತಪ್ಪಲಿನ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಸೀಮೆ. ಮೂಡಣ ಕೊಳ್ಳೇಗಾಲವಾದರೋ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಹನೂರು ಅಂದು ಆ ತಾಲ್ಲೂಕಿನೊಳಗಿನ ಊರು. ಹಕ್ಕಿಗೆ ಗಡಿಯಿಲ್ಲ, ಹಕ್ಕಿಯನ್ನು ಬರೆದಿಡುವವನಿಗೆ ಉಂಟು. ಆದುದರಿಂದ ಮೈಸೂರು ಸಂಸ್ಥಾನದ ಹೆಸರಿನ ಹಳೆಯ ಪಟ್ಟಿಯನ್ನು ಹನೂರಿನ ಕುರುಚಲು ಕಾಡಿಗೆ ಅನ್ವಯಿಸುವವರು ಪ್ರತಿಯೊಂದು ದಾಖಲೆಯ ಸ್ಥಳವನ್ನು ಮೊದಲು ನೋಡತಕ್ಕದ್ದು.

ಆ ಪಟ್ಟಿಗಳಲ್ಲಿ ಮುಖ್ಯವಾದುದು ಸಲೀಂ ಅಲಿಯವರದು. 1939-40ರಲ್ಲಿ ಅವರು ನಡೆಸಿದ ಸಮೀಕ್ಷೆಯ ಫಲವು 1942-43ರಲ್ಲಿ ಮುಂಬಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಟ್ಟದ ಕಾಫಿ ತೋಟಗಾರ ಆರ್. ಸಿ. ಮಾರಿಸ್ ಎಂಬವರ ಟಿಪ್ಪಣಿಗಳೂ ಅದೇ ಪತ್ರಿಕೆಯಲ್ಲಿ ಬಂದಿವೆ. ಅಂದಿನ ಸಮೀಕ್ಷಕನು ಕೋವಿಯಿಂದ ಹೊಡೆದು, ಚರ್ಮವನ್ನು ಹದಮಾಡಿ, ರೆಕ್ಕೆ ಕೊಕ್ಕುಗಳನ್ನು ಅಳೆಯುತ್ತಿದ್ದನು. ಯಾವ ಜಾತಿ ಎಲ್ಲಿದೆ ಎಂಬುದು ಅವನ ಪ್ರಶ್ನೆ, ಎಷ್ಟಿವೆ ಎಂಬುದಲ್ಲ. ಎಣಿಕೆಯ ಕ್ರಮಗಳು ಬೇರೆ. ಗೊತ್ತಾದ ಗೆರೆಯಲ್ಲಿ ನಡೆಯುತ್ತ ಎಣಿಸುವುದು ರೇಖಾಗಣನೆ. ಒಂದೆಡೆ ನಿಂತು ನಿಯತವಾದ ನಿಮಿಷಗಳವರೆಗೆ ಕಂಡುದನ್ನೂ ಕೇಳಿದುದನ್ನೂ ಬರೆಯುವುದು ಬಿಂದುಗಣನೆ. ಇವೆರಡರಲ್ಲಿ ಯಾವುದು ಮೇಲು ಎಂಬ ವಿವಾದಕ್ಕೆ ಸಂಖ್ಯಾಶಾಸ್ತ್ರವನ್ನು ಕರೆಯುವರು.

ಆ ಶಾಸ್ತ್ರದ ಉಪಕರಣಗಳಿಗೂ ಇತಿಹಾಸವುಂಟು. ಕಾರ್ಲ್ ಪಿಯರ್ಸನ್ನನ ಕೈ-ವರ್ಗ ಪರೀಕ್ಷೆ 1900ರದು. ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಗಾಸೆಟ್ಟನು ಟಿ-ಪರೀಕ್ಷೆಯನ್ನು 1908ರಲ್ಲಿ ಪ್ರಕಟಿಸಿದನು. ಅವನು ಮದ್ಯ ತಯಾರಿಸುವ ಸಂಸ್ಥೆಯೊಂದರ ನೌಕರನಾಗಿದ್ದನೆಂಬುದು ಶಾಸ್ತ್ರಜ್ಞರಿಗೆ ಇಂದಿಗೂ ವಿನೋದದ ಸಂಗತಿ. ಅಂಕಿಗಳನ್ನು ಬಿಟ್ಟು ಅವುಗಳ ಅನುಕ್ರಮವನ್ನು ಮಾತ್ರ ನೋಡುವ ವಿಲ್ಕಾಕ್ಸನ್ ಪರೀಕ್ಷೆ 1945ರಲ್ಲಿಯೂ, ಮ್ಯಾನ್-ವಿಟ್ನಿ ಪರೀಕ್ಷೆ 1947ರಲ್ಲಿಯೂ ಬಂದವು. ಮೆಕ್‌ನೆಮಾರನದೂ 1947ರದೇ.

ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ಎಣಿಸಿದ ಬಗೆಯಿಂದಲೇ ತಿಳಿಯುವುದು. ಒಂದೇ ಸ್ಥಳದಲ್ಲಿ ಎರಡು ಕ್ರಮಗಳನ್ನೂ ಪ್ರಯೋಗಿಸಿದರೆ ಅಂಕಿಗಳು ಜೋಡಿಯಾಗಿವೆ. ವ್ಯತ್ಯಾಸಗಳು ಸಮವಾಗಿ ಹರಡಿದ್ದರೆ ಜೋಡಿಯ ಟಿ-ಪರೀಕ್ಷೆ, ಒಂದು ಕಡೆಗೆ ವಾಲಿದ್ದರೂ ಸೊನ್ನೆಗಳು ಬಹುವಾಗಿದ್ದರೂ ಎಚ್ಚರವಿರಬೇಕು, ವಿಲ್ಕಾಕ್ಸನ್ನನ ಜೋಡಿ-ಕ್ರಮಾಂಕ ಪರೀಕ್ಷೆಯೂ ವ್ಯತ್ಯಾಸಗಳು ಸಮವಾಗಿ ಹರಡಿರುವುದನ್ನು ಅಪೇಕ್ಷಿಸುವುದು. ಸ್ಥಳಗಳು ಬೇರೆಯಾದರೆ ಮ್ಯಾನ್-ವಿಟ್ನಿ. ಒಂದು ಜಾತಿಯನ್ನು ಪ್ರತಿಯೊಂದು ಸ್ಥಳದಲ್ಲಿ ಈ ಕ್ರಮ ಕಂಡಿತೇ, ಆ ಕ್ರಮ ಕಂಡಿತೇ ಎಂದಷ್ಟೇ ಬರೆದಿದ್ದರೆ ಮೆಕ್‌ನೆಮಾರ್. ಕೈ-ವರ್ಗವನ್ನು ಹಕ್ಕಿಗಳ ತಲೆಯೆಣಿಕೆಗೆ ಹಚ್ಚುವುದು ರೂಢಿಯಲ್ಲಿರುವ ದೋಷ. ಹರಟೆಮಲ್ಲಗಳು ಹತ್ತು ಒಟ್ಟಿಗೆ ಬಂದರೆ ಅವು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ.

ಇನ್ನೂ ದೊಡ್ಡ ದೋಷವೊಂದಿದೆ. ಬೆಟ್ಟದ ಮೇಲಿನ ದಟ್ಟ ಶೋಲೆಯಲ್ಲಿ ಬಿಂದುಗಣನೆಯನ್ನೂ, ಹನೂರಿನ ಬಯಲಂಚಿನಲ್ಲಿ ರೇಖಾಗಣನೆಯನ್ನೂ ನಡೆಸಿ ಹೋಲಿಸಿದರೆ ಯಾವ ಪರೀಕ್ಷೆಯೂ ಕೈಹಿಡಿಯದು. ಸಂಖ್ಯಾಭೇದವು ಕ್ರಮದಿಂದಲೋ ಕಾಡಿನಿಂದಲೋ ಎಂಬುದು ತಿಳಿಯದು. ತಾರ್ಕಿಕರ ಸವ್ಯಭಿಚಾರ ಹೇತುವೆಂಬುದು ಇದೇ. ಎಲೆಮರೆಯ ಹಕ್ಕಿ ದೂರದಿಂದ ಕಾಣದೆಂಬುದಕ್ಕೆ, ದೂರವನ್ನೂ ಅಳೆದು ಕಾಣದುದನ್ನು ಅಂದಾಜಿಸುವ ಪದ್ಧತಿಯು 1993ರ ಬಕ್‌ಲ್ಯಾಂಡ್ ಮೊದಲಾದವರ ಗ್ರಂಥದಿಂದ ಪ್ರಸಿದ್ಧವಾಯಿತು.

ಇದು ಬರಿಯ ಗಣಿತಜ್ಞರ ಚರ್ಚೆಯಲ್ಲ. ಬೆಟ್ಟದಲ್ಲಿ ಲಂಟಾನ ಬಹುವಾಗಿ ಹಬ್ಬಿದೆ. ನೆಲದ ತರಗಿಗೆ ಹಾಕುತ್ತಿದ್ದ ಬೆಂಕಿಯನ್ನು ನಿಷೇಧಿಸಿದುದೇ ಅದಕ್ಕೆ ಕಾರಣವೆಂದು ಸೋಲಿಗರ ಹಿರಿಯರು ಹೇಳುತ್ತಾರೆ. 2011ರಲ್ಲಿ ಅವರಿಗೆ ಸಮುದಾಯದ ಅರಣ್ಯಹಕ್ಕು ದೊರೆಯಿತು. ಇಂತಹ ಕಾಡಿನಲ್ಲಿ ಹಕ್ಕಿ ಕಡಿಮೆಯಾಯಿತೆಂದರೆ ಯಾರ ಮೇಲೆಯೋ ಹೊಣೆ ಬೀಳುವುದು. 1939ರ ಕೋವಿಯ ಪಟ್ಟಿಯನ್ನೂ ಇಂದಿನ ದುರ್ಬೀನಿನ ಎಣಿಕೆಯನ್ನೂ ಪಕ್ಕಪಕ್ಕದಲ್ಲಿಟ್ಟು ಹಾಗೆಂದರೆ ಅದು ಅಪ್ರಮಾಣ. ಹಳೆಯ ಪಟ್ಟಿಯಿಂದ ಒಂದು ಜಾತಿ ಅಂದು ಇದ್ದಿತೆಂದು ಸಿದ್ಧವಾಗುವುದು. ಎಷ್ಟಿದ್ದವೆಂಬುದು ಅದರಲ್ಲಿ ಇಲ್ಲ. ಎರಡು ಕ್ರಮಗಳನ್ನು ಅದೇ ಬೆಳಗು, ಅದೇ ದಾರಿಯಲ್ಲಿ, ನೋಡುವವರನ್ನು ಅದಲುಬದಲು ಮಾಡಿ ನಡೆಸಿ, ಅವುಗಳ ನಡುವಣ ಅಂತರವನ್ನು ಮೊದಲು ಗೊತ್ತುಮಾಡಿದ ಹೊರತು ಇಂದಿನ ಒಂದು ವರ್ಷವನ್ನು ಇನ್ನೊಂದರೊಡನೆ ತೂಗುವುದೂ ಸಾಧ್ಯವಲ್ಲ.