ಸಾಯಲೊಲ್ಲದ ಕೋಶಗಳು: ಕ್ಯಾನ್ಸರ್‌ನಲ್ಲಿ ಪ್ರೋಟೀನ್‌ಗಳ ಹಿಡಿತ ಕೆಲಸ ಮಾಡುವುದು ಹೇಗೆ?

ಕ್ಯಾನ್ಸರ್ ಎಂದರೆ ಜೀವಕೋಶಗಳು ಲಂಗುಲಗಾಮಿಲ್ಲದೆ ಬೆಳೆಯುವ ಕಾಯಿಲೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಅದು ಅರ್ಧ ಸತ್ಯ ಮಾತ್ರ. ಸಾಯಬೇಕಾದ ಕೋಶ ಸಾಯದೆ ಉಳಿಯುವುದೂ ಕ್ಯಾನ್ಸರ್‌ಗೆ ದಾರಿ ಮಾಡಿಕೊಡುತ್ತದೆ. ಕೋಶದ ಅಳಿವು ಉಳಿವು ನಿಂತಿರುವುದು ಕೆಲವು ಪ್ರೋಟೀನ್‌ಗಳು ಒಂದನ್ನೊಂದು ಹಿಡಿದುಕೊಳ್ಳುವ ಮತ್ತು ಬಿಟ್ಟುಬಿಡುವ ರೀತಿಯ ಮೇಲೆ.

ಕೋಶ ಸಾಯುವುದು ಹೇಗೆ?

ಹಾನಿಗೊಂಡ ಅಥವಾ ಅಗತ್ಯ ಮುಗಿದ ಕೋಶಗಳು ತಾವಾಗಿಯೇ ಸಾಯುವ ವ್ಯವಸ್ಥೆ ದೇಹದಲ್ಲಿದೆ. 1972ರಲ್ಲಿ ಇದಕ್ಕೆ 'ಅಪೊಪ್ಟೋಸಿಸ್' ಎಂಬ ಹೆಸರು ಬಂತು. ಒಂದೇ ಕುಟುಂಬದ ಮೂರು ಗುಂಪಿನ ಪ್ರೋಟೀನ್‌ಗಳು ಇದನ್ನು ನಿಯಂತ್ರಿಸುತ್ತವೆ.

* ಕೊಲ್ಲುವವು: ಬ್ಯಾಕ್ಸ್ ಮತ್ತು ಬ್ಯಾಕ್. ಇವು ಮೈಟೋಕಾಂಡ್ರಿಯಾದ ಹೊರಪೊರೆಯಲ್ಲಿ ರಂಧ್ರ ಮಾಡುತ್ತವೆ. ಅಲ್ಲಿಂದ ಸೈಟೋಕ್ರೋಮ್-ಸಿ ಹೊರಬಂದರೆ ಕ್ಯಾಸ್ಪೇಸ್ ಎಂಬ ಕಿಣ್ವಗಳು ಎಚ್ಚೆತ್ತು ಕೋಶವನ್ನು ಒಳಗಿನಿಂದಲೇ ಕತ್ತರಿಸುತ್ತವೆ.
* ಕಾಯುವವು: ಬಿಸಿಎಲ್-2, ಬಿಸಿಎಲ್-ಎಕ್ಸ್‌ಎಲ್, ಎಂಸಿಎಲ್-1. ಇವು ಉಳಿದ ಎರಡು ಗುಂಪಿನವನ್ನು ಹಿಡಿದಿಟ್ಟು ಸಾವನ್ನು ತಡೆಯುತ್ತವೆ.
* ಸುದ್ದಿ ಮುಟ್ಟಿಸುವವು: ಬಿಮ್, ಪ್ಯೂಮಾ, ನಾಕ್ಸಾ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಪಿ53 ಎಂಬ ಪ್ರೋಟೀನ್ ಪ್ಯೂಮಾ ಮತ್ತು ನಾಕ್ಸಾದ ಉತ್ಪಾದನೆ ಹೆಚ್ಚಿಸುತ್ತದೆ. ಇವು ಕಾಯುವ ಪ್ರೋಟೀನ್‌ಗಳ ಮೇಲಿನ ಒಂದು ಕುಳಿಯಲ್ಲಿ ಕೂತು ಕೊಲ್ಲುವವಕ್ಕೆ ಬಿಡುಗಡೆ ಕೊಡಿಸುತ್ತವೆ.

ಕ್ಯಾನ್ಸರ್ ಮಾಡುವ ಮೋಸ

ಫಾಲಿಕ್ಯುಲರ್ ಲಿಂಫೋಮಾ ಎಂಬ ಕ್ಯಾನ್ಸರ್‌ನಲ್ಲಿ ಸಾಮಾನ್ಯವಾಗಿ 14 ಮತ್ತು 18ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿರುತ್ತವೆ. ಇದರಿಂದ ಬಿಸಿಎಲ್-2 ಮಿತಿಮೀರಿ ತಯಾರಾಗುತ್ತದೆ. ಈ ಪ್ರೋಟೀನ್ ಕೋಶವನ್ನು ಬೆಳೆಸುವುದಿಲ್ಲ, ಸಾಯದಂತೆ ಕಾಪಾಡುತ್ತದೆ ಎಂಬುದನ್ನು 1988ರಲ್ಲಿ ಮೆಲ್ಬರ್ನ್‌ನ ವಾಲ್ಟರ್ ಅಂಡ್ ಎಲಿಜಾ ಹಾಲ್ ಸಂಸ್ಥೆಯ ಡೇವಿಡ್ ವಾಕ್ಸ್, ಸುಝೇನ್ ಕೋರಿ ಮತ್ತು ಜೆರ್ರಿ ಆಡಮ್ಸ್ ತೋರಿಸಿದರು.

ಹಿಡಿತ ಬಿಡಿಸುವ ಮಾತ್ರೆ

ಆ ಕುಳಿಯಲ್ಲಿ ಬಿಮ್ ಬದಲು ಔಷಧದ ಅಣುವೇ ಕೂತರೆ? ವೆನೆಟೋಕ್ಲಾಕ್ಸ್ ಮಾಡುವುದು ಇದನ್ನೇ. ಇದಕ್ಕೂ ಮುಂಚಿನ ನ್ಯಾವಿಟೋಕ್ಲಾಕ್ಸ್ ಎಂಬ ಔಷಧ ಬಿಸಿಎಲ್-ಎಕ್ಸ್‌ಎಲ್‌ಗೂ ಅಂಟಿಕೊಳ್ಳುತ್ತಿತ್ತು. ಪ್ಲೇಟ್‌ಲೆಟ್‌ಗಳು ಬದುಕಿರುವುದೇ ಆ ಪ್ರೋಟೀನ್‌ನಿಂದಾಗಿ, ಹೀಗಾಗಿ ಅವುಗಳ ಸಂಖ್ಯೆ ಕುಸಿಯುತ್ತಿತ್ತು. ವೆನೆಟೋಕ್ಲಾಕ್ಸ್ ಮುಖ್ಯವಾಗಿ ಬಿಸಿಎಲ್-2ಅನ್ನಷ್ಟೇ ಹಿಡಿಯುತ್ತದೆ.

2016ರಲ್ಲಿ ಅಮೆರಿಕದ ಎಫ್‌ಡಿಎ ಇದಕ್ಕೆ ಮೊದಲು ಒಪ್ಪಿಗೆ ಕೊಟ್ಟದ್ದು, 17ನೇ ವರ್ಣತಂತುವಿನ ತುಂಡು ಕಳೆದುಕೊಂಡ ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ ರೋಗಿಗಳಿಗೆ. ಪಿ53ರ ಜೀನ್ ಇರುವುದು ಅದೇ ತುಂಡಿನಲ್ಲಿ. ಪಿ53 ಇಲ್ಲದಿದ್ದರೆ ಸಾಮಾನ್ಯ ಕಿಮೋಥೆರಪಿ ಸರಿಯಾಗಿ ನಾಟುವುದಿಲ್ಲ. ಈ ಮಾತ್ರೆ ಪಿ53ರ ನಂತರದ ಹಂತದಲ್ಲಿ ಕೆಲಸ ಮಾಡುವುದರಿಂದ ಅಂಥವರಿಗೂ ದಾರಿಯಾಯಿತು.

ಮಿತಿಗಳೂ ಇವೆ

ಕೋಶಗಳು ಒಮ್ಮೆಲೇ ರಾಶಿರಾಶಿಯಾಗಿ ಸತ್ತರೆ ಅವುಗಳೊಳಗಿನ ಪೊಟ್ಯಾಸಿಯಂ, ಫಾಸ್ಫೇಟ್ ರಕ್ತಕ್ಕೆ ಸೇರಿ, ಯೂರಿಕ್ ಆಮ್ಲವೂ ಏರಿ, ಮೂತ್ರಪಿಂಡ ಮತ್ತು ಹೃದಯಕ್ಕೆ ಅಪಾಯವಾಗಬಹುದು. ಅದಕ್ಕೇ ಈ ಲ್ಯುಕೇಮಿಯಾದಲ್ಲಿ ದಿನಕ್ಕೆ 20 ಮಿ.ಗ್ರಾಂನಿಂದ ಆರಂಭಿಸಿ, 5 ವಾರಗಳಲ್ಲಿ ಹಂತಹಂತವಾಗಿ 400 ಮಿ.ಗ್ರಾಂಗೆ ಏರಿಸುತ್ತಾರೆ. ಕೆಲವು ಫಂಗಸ್ ನಿವಾರಕ ಮಾತ್ರೆಗಳು ರಕ್ತದಲ್ಲಿ ಇದರ ಪ್ರಮಾಣ ಹೆಚ್ಚಿಸುತ್ತವೆ. ಆದ್ದರಿಂದ ಬೇರೆ ಯಾವ ಔಷಧ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ತಿಳಿಸಲೇಬೇಕು.

ಕ್ಯಾನ್ಸರ್ ಕೂಡ ಸುಮ್ಮನಿರುವುದಿಲ್ಲ. ಬಿಸಿಎಲ್-2 ಕೈಕೊಟ್ಟರೆ ಕೆಲವು ಕೋಶಗಳು ಎಂಸಿಎಲ್-1ರ ಆಸರೆ ಪಡೆಯುತ್ತವೆ. ಕೆಲವದರಲ್ಲಿ ಬಿಸಿಎಲ್-2ರ ಕುಳಿಯೇ ಬದಲಾಗಿ ಔಷಧ ಕೂರುವುದಿಲ್ಲ. ಹಾಗಾಗಿ ಇದನ್ನು ಹೆಚ್ಚಾಗಿ ಬೇರೆ ಔಷಧಗಳ ಜೊತೆಗೇ ಕೊಡಲಾಗುತ್ತದೆ. ಯಾವ ಕೋಶ ಯಾವ ಪ್ರೋಟೀನ್ ನೆಚ್ಚಿಕೊಂಡು ಬದುಕಿದೆ ಎಂದು ಮೊದಲೇ ಗುರುತಿಸುವುದು ಸಂಶೋಧಕರ ಮುಂದಿರುವ ದೊಡ್ಡ ಸವಾಲು.